ಒಂದು ಕೈಯ ರೊಟ್ಟಿ

ಸುಳ್ಳ ಹೇಳ್ತಾನ್ರೀ ಬಾಯಿ ಇವ, ಸಾಲಿ ಬಿಟ್ಟ ಪುಂಡ, ನನ್ನ ಗಂಡ ಹಾಕಿದ ಕೂಳ ತಿಂದು ಅವ್ರ ಮ್ಯಾಲೇ ಇಲ್ಲದ್ದು ಹೇರ್ತಾನ — ಅಕ್ಕ ಮಾಯಾ ಕುರ್ಚಿಯಿಂದ ಎದ್ದು ನಿಂತು ಕೂಗಿದಳು, ಮೊದಲು ಕನ್ನಡದಲ್ಲಿ, ಆಮೇಲೆ ಅಲ್ಲಿದ್ದವರಿಗೆಲ್ಲ ತಿಳಿಯಲೆಂದು ಮರಾಠಿಯಲ್ಲಿ, ಖೋಟಂ ಬೋಲತೋ ಹಾ, ಖೋಟಂ — ದತ್ತುವಿಗೆ ಮೊದಲು ಹೊಳೆದದ್ದು, ಅರೆ, ಇವಳಿಗೆ ಮರಾಠಿ ಬರುತ್ತದಲ್ಲ, ಬರುವುದಾದರೆ ನಡುವೆ ಮಾತು ದಾಟಿಸಲು ನನ್ನನ್ನು ಯಾಕೆ ಕರಕೊಂಡು ಬಂದಳು, ಆಮೇಲೆ ಹೊಳೆದದ್ದು ಬೆಂಚು, ಬೆಂಚಿನ ಮೇಲಿನವರು, ಯಾಕೆಂದರೆ ಆ ಸಮಾಜಮಂದಿರದ ಕೋಣೆಗೆ ಗೋಡೆ ಎಂದರೆ ಒಂದು ಕಬ್ಬಿಣದ ಕಪಾಟು, ಅದರಾಚೆ ಸರದಿಗೆ ಕಾದ ಹೆಂಗಸರು, ಅವರ ಪಕ್ಕದಲ್ಲಿ ಮೈ ತೊಳೆದು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಕಾಶಪ್ಪ, ಅಕ್ಕನ ಗಂಡ, ಎಲ್ಲರೂ ಕೇಳಿದರು, ಯಾವಳೋ ಒಬ್ಬಳು ಕಿಸಕ್ಕನೆ ನಕ್ಕಳು ಕೂಡ, ನಗಲಿ, ಅವಳ ಕೈಯೂ ಒಂದು ದಿನ ಮುರಿಯುತ್ತದೆ, ಛೆ, ಏನು ಮಾತಾಡುತ್ತಿದ್ದೇನೆ, ಹೊರಗೆ ಕೂತುಕೋ ಎಂದರು ಗೋದಾಬಾಯಿ, ಗಂಡಂದಿರ ಕುಡಿತ ಹೊಡೆತದ ಕಥೆ ಕೇಳಲಿಕ್ಕೆಂದೇ ಕೂತ ಹೆಂಗಸು, ಬೆಳ್ಳಿಗೂದಲು, ಸಿಟ್ಟೇ ಇಲ್ಲದ ದನಿ, ನೀನು ಹೇಳಿದ್ದು ನಿಜ ಅಂತ ನನಗೂ ಕಾಣುತ್ತದೆ, ಆದರೆ ನಾನು ಕೇಳಿದ್ದು ಅವಳನ್ನು, ಅವಳ ಬಾಯಿಂದ ಬರದ ನಿಜ ಅವಳ ಮೈಮೇಲೇ ಬೀಳುತ್ತದೆ, ನಡಿ ಹೊರಗೆ.

ನಿಜ ಹೇಳಲಿಕ್ಕೂ ಸರದಿ ಬರಬೇಕಂತೆ. ನಿಜ ಅವನ ಕಣ್ಣಲ್ಲಿದೆ, ಈ ಮರಾಠಿ ಸೀಮೆಯ ಖರಾಡಿಯ ಸೈಟಿನಲ್ಲಿ ಕೂಲಿಯವರ ತಗಡಿನ ಗುಡಿಸಲುಗಳ, ಪತ್ರಾಗಳ ಸಾಲು, ಎರಡು ಪತ್ರಾ ಆಚೆಯ ತನ್ನ ಖೋಲಿಯಿಂದ ಅಕ್ಕನ ದನಿ ಕೇಳಿ ಓಡಿ ಬಂದು ಬಾಗಿಲಲ್ಲಿ ನಿಂತಾಗ ಕಾಶಪ್ಪ ಅವಳ ಬಲಗೈಯನ್ನು ಹಿಟ್ಟು ನಾದುವ ದೊಡ್ಡ ಪರಾತದ ಅಂಚಿಗೆ ಇಟ್ಟು ಒತ್ತುತ್ತಿದ್ದ, ದಿನವಿಡೀ ಸೈಟಿನಲ್ಲಿ ಕಬ್ಬಿಣದ ಸಳಿ ಬಗ್ಗಿಸುತ್ತಾನಲ್ಲ, ಹಾಗೇ, ಅವಸರವಿಲ್ಲದೆ, ರೊಟ್ಟಿ ಆರ್ಯಾವ, ರೊಟ್ಟಿ ಯಾಕ ಆರ್ಯಾವ ಅಂತ ಕೇಳಾಕತ್ತೀನಿ, ದೇಶಿ ದಾರುವಿನ ವಾಸನೆ, ಒಲೆಯ ಹೊಗೆ, ಒಣಗಿದ ಕಟ್ಟಿಗೆ ಮುರಿದಂಥ ಶಬ್ದ, ಮತ್ತು ಮರುದಿನ ದೊಡ್ಡ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳು ಸಂಜೆಗೆ ಒಲೆಯ ಮುಂದೆ ಕೂತಿದ್ದಳು, ಎಡಗೈ ಒಂದರಲ್ಲೇ ರೊಟ್ಟಿ ಬಡಿಯುತ್ತ, ಎರಡು ಕೈ ಇದ್ದವಳಿಗೆ ಒಂದು ಬಡಿಯುತ್ತದೆ ಇನ್ನೊಂದು ತಿರುಗಿಸುತ್ತದೆ, ಶಬ್ದ ಮಳೆ ಬಿದ್ದ ಹಾಗೆ ಒಂದೇ ಸಮ, ಒಂದೇ ಕೈ ಇದ್ದರೆ ಬಡಿಯಬೇಕು, ನಿಲ್ಲಬೇಕು, ಅದೇ ಕೈಯಿಂದ ತಿರುಗಿಸಬೇಕು, ಮತ್ತೆ ಬಡಿಯಬೇಕು, ಟಪ್ — ತಡೆದು — ಟಪ್, ಒಂದು ಕಡೆ ದಪ್ಪ, ಒಂದು ಕಡೆ ಹರಿದ ರೊಟ್ಟಿ, ಕಾಶಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ ನಕ್ಕ, ಮಾಯವ್ವಾ, ಸೊಟ್ಟ ಆಗ್ಯಾವಲ್ಲೇ, ತಿಂದ, ದತ್ತುವಿನ ತಾಟಿಗೂ ಒಂದು ಬಿತ್ತು, ದತ್ತುವೂ ತಿಂದ, ಗಂಟಲಲ್ಲಿ ಇಳಿಯಿತು, ಯಾಕೆ ಇಳಿಯಿತು.

ಆ ಮನುಷ್ಯ ಪರಕೀಯನಾಗಿದ್ದರೆ ದತ್ತು ಅವನ ಕಾಲು ಮುರಿದು ಹಾಕುತ್ತಿದ್ದ, ಪರಕೀಯನಲ್ಲ, ಮಾಮಾ, ಅವ್ವ ಸಾಬವ್ವನ ಒಡಹುಟ್ಟಿದ ತಮ್ಮ, ಅಕ್ಕನನ್ನು ಹೆಗಲ ಮೇಲೆ ಹೊತ್ತು ತಿರುಗಿದವ, ಅವಳ ಹಾಲುಹಲ್ಲು ಬಿದ್ದಾಗ ಮಾಡಿನ ಮೇಲೆ ಎಸೆದವ, ಹೊರಗಿನವರಿಗೆ ಕೊಟ್ಟರ ಮಗಳು ಕಣ್ಣೀರು ಹಾಕ್ತಾಳ, ತಮ್ಮಗ ಕೊಟ್ಟರ ಕಣ್ಣಮುಂದ ಇರ್ತಾಳ ಎಂದು ಅವ್ವ ಅರಿಶಿನ ಹಚ್ಚಿದಳು, ಕಣ್ಣಮುಂದೆಯೇ ಇದ್ದಾಳೆ ಅವ್ವಾ, ನೋಡು, ಗೋದಾಬಾಯಿ ಮೊದಲು ಕೇಳಿದ್ದೂ ಅದನ್ನೇ, ನಾಲ್ಕು ದಿನ ತವರಿಗೆ ಹೋಗಿ ಇರಲಿಕ್ಕೆ ಆಗುತ್ತದೆಯೇ ಕೇಳು, ಅಕ್ಕನನ್ನು ಕೇಳದೆ ದತ್ತುವೇ ಹೇಳಿದ್ದ, ಬೇರೆ ತವರು ಎಲ್ಲಿದೆ ಬಾಯಿ, ಗಂಡನ ಮನೆಯೂ ಅದೇ, ಗಂಡ ನಮ್ಮವ್ವನ ತಮ್ಮ, ಊರಿಗೆ ಹೋಗಿ ಇವಳು ಅವ್ವನ ಮುಂದೆ ಅತ್ತರೆ ಅವ್ವ, ನನ್ನ ತಮ್ಮಗ ಶಾಪ ಹಾಕಬ್ಯಾಡೇ ಅಂತ ತಾನೂ ಅಳುತ್ತಾಳೆ — ಗೋದಾಬಾಯಿಯ ಪೆನ್ನು ಅಲ್ಲೇ ನಿಂತಿತು, ಎಷ್ಟು ಕೇಳಿರಬೇಡ ಆ ಕಿವಿ, ಆದರೂ ನಿಂತಿತು. ರೊಟ್ಟಿ ಆರಿದ್ರ ಅವ್ರಿಗೆ ಸಿಟ್ಟು ಬರ್ತದ, ತಪ್ಪು ನಂದೇ ಅಂತ ಅಕ್ಕ ಗೊಣಗಿದ್ದನ್ನು ದತ್ತು ದಾಟಿಸಿದ ಮೇಲೆ, ಅವಳ ಮುಖ ನೋಡುತ್ತ ನಿಧಾನ ಹೇಳಿದರು, ಅವನ ಕುಡಿತ ನಿನ್ನ ಅಡುಗೆಯಿಂದ ಬಂದದ್ದಲ್ಲ, ನಿನ್ನ ಅಡುಗೆಯಿಂದ ಹೋಗುವುದೂ ಇಲ್ಲ, ರೊಟ್ಟಿ ಬಿಸಿ ಇದ್ದಿದ್ದರೆ ಬೇರೆ ಕಾರಣ ಹುಡುಕುತ್ತಿದ್ದ, ಇಷ್ಟನ್ನು ಸರಿಯಾಗಿ ಹೇಳಪ್ಪ ಅವಳಿಗೆ, ದತ್ತು ಸರಿಯಾಗಿ ಹೇಳಿದ, ಯಕ್ಕಾ, ರೊಟ್ಟಿದು ತಪ್ಪಲ್ಲಂತ, ನಿಂದೂ ತಪ್ಪಲ್ಲಂತ — ಮದುವೆಯಾದಾಗಿನಿಂದ ನೆಲ ನೋಡುತ್ತಿದ್ದ ಅಕ್ಕ ಕತ್ತೆತ್ತಿದಳು, ಎತ್ತಿದಳು, ಸುಳ್ಳಲ್ಲ, ಅವಳ ಕಣ್ಣಲ್ಲಿ ಏನೋ ಬಂತು, ಬಂದದ್ದನ್ನು ನೋಡಿ ಇವನಿಗೆ ತಾಳ್ಮೆ ಹೋಯಿತು, ಕೈ ಹೇಗೆ ಮುರಿಯಿತು ಅಂತ ಬಾಯಿ ಕೇಳಿದರು, ಅಕ್ಕ ಕಪಾಟಿನ ಕಡೆ ಒಮ್ಮೆ ನೋಡಿ, ಜಾರಿ ಬಿದ್ದೆ ಅಂತ ಹೇಳಪ್ಪಾ ತಮ್ಮಾ ಎಂದಳು, ತಮ್ಮ ಮರಾಠಿಯಲ್ಲಿ ಹೇಳಿದ, ಗಂಡ ಪರಾತದ ಅಂಚಿಗೆ ಇಟ್ಟು ಮುರಿದ ಅಂತಾಳೆ.

ಈಗ ಬೆಂಚು. ಕಾಶಪ್ಪ ಸರಿದು ಜಾಗ ಕೊಟ್ಟ, ತೊಡೆ ತಟ್ಟಿದ, ಕುಂದ್ರು ಅಳಿಯಾ, ಮರಾಠಿ ಭಾಳ ಚಲೋ ಕಲತೀಯಲ್ಲೋ, ಯಾರ ಕಲಿಸಿದ್ರು, ನಾನೇ ಅಲ್ಲೇನು, ಅಂಗೈಯಲ್ಲಿ ತಂಬಾಕು ತಿಕ್ಕಿ ಮುಂದೆ ಹಿಡಿದ, ಹಗಲಿನ ಕಾಶಪ್ಪ, ಸೈಟಿನಲ್ಲಿ ಯಾರ ಮಗುವಿಗೆ ಜ್ವರ ಬಂದರೂ ಎತ್ತಿಕೊಂಡು ಓಡುವ ಕಾಶಪ್ಪ ಮಿಸ್ತ್ರಿ, ಇವನಿಗೆ ಸಳಿ ಕಟ್ಟುವುದು ಕಲಿಸಿ ಕೈಗೆ ಕೆಲಸ ಕೊಟ್ಟವ, ಈ ಕೈಯೇ, ಇದೇ ತಂಬಾಕಿನ ಕೈ, ಈಗ ಹಿಡಿದು ಬೆಂಚಿನ ಅಂಚಿಗೆ ಇಟ್ಟು — ಒಳಗಿನಿಂದ ಕರೆದರು, ಮಾಮಾ ಚಪ್ಪಲಿ ಬಿಟ್ಟು ಒಳಗೆ ಹೋದ, ಗುಡಿಗೆ ಹೋದ ಹಾಗೆ, ಕಪಾಟಿನಾಚೆ ಗೋದಾಬಾಯಿಯ ಗದರಿಕೆ, ಮುಂದಿನ ಮಂಗಳವಾರ ಮತ್ತೆ ಇಬ್ಬರೂ ಬರಬೇಕು, ಕುಡಿತ ಬಿಡಿಸುವ ಡಾಕ್ಟರರ ಹತ್ತಿರ ಹೋಗಬೇಕು, ಇನ್ನೊಮ್ಮೆ ಕೈ ಎತ್ತಿದರೆ ಪೊಲೀಸು, ಅದಕ್ಕೆ ಮಾಮಾ, ಆಯೀಚಿ ಶಪ್ಪತ್ ಬಾಯಿ, ಮುಟ್ಟೋದಿಲ್ಲ, ಯಾವ ಆಯಿಯ ಆಣೆ ಹಾಕುತ್ತೀಯೋ, ಸತ್ತ ಅಜ್ಜಿಯದೇ, ಅವಳನ್ನಾದರೂ ಬಿಡೋ — ಮಾಯಾ, ನೀನು ಬೇಕೆಂದಾಗ ಒಬ್ಬಳೇ ಬಾ, ನಿನಗೆ ಮರಾಠಿ ಬರುತ್ತದೆ, ನನಗೆ ಗೊತ್ತಾಯಿತು, ಅಂದರು ಗೋದಾಬಾಯಿ, ಅದಕ್ಕೆ ಅಕ್ಕ ಏನು ಹೇಳಿದಳೋ ಕೇಳಲಿಲ್ಲ.

ಗೇಟಿನ ಹೊರಗೆ ಬಿಸಿಲು, ರಿಕ್ಷಾಗಳು, ಜೋಳದ ಹೊಲ ಇದ್ದ ಕಡೆ ಎದ್ದ ಗಾಜಿನ ಕಟ್ಟಡ, ಅದರ ಮೂರನೇ ಮಹಡಿಯ ಸಳಿ ಇವನೂ ಮಾಮಾನೂ ಕೂಡಿ ಕಟ್ಟಿದ್ದು, ಮಾಮಾ ಬೀಡಿ ತರಲು ರಸ್ತೆ ದಾಟಿದ, ದಾಟುವುದನ್ನೇ ಕಾದಿದ್ದವಳಂತೆ ಅಕ್ಕ ಹತ್ತಿರ ಬಂದಳು, ಪ್ಲಾಸ್ಟರಿನ ಕೈ ಸೆರಗಿನೊಳಗೆ, ದತ್ತ್ಯಾ, ಹಂಗ ಅಂದೆ ಅಂತ ಮನಸಿಗೆ ಹಚ್ಕೋಬ್ಯಾಡೋ, ಅವ್ರು ಕೇಳಾಕತ್ತಿದ್ರು, ನೀ ಖರೇ ಹೇಳಿ ನಿನ್ನ ಖೋಲಿಗೆ ಹೋಗ್ತಿ, ನಾ ಅದೇ ಪತ್ರಾದಾಗ ಮಕ್ಕೋಬೇಕಲ್ಲ, ಒಂದ ಮಾತ ಕೇಳ್ತೀನಿ, ನನ್ನ ಇಟ್ಕೋತಿಯೇನು, ಹೂಂ ಅನ್ನು, ಈಗಿಂದೀಗ ಒಳಗ ಹೋಗಿ ಬಾಯಿಗೆ ನಾನೇ ಹೇಳ್ತೀನಿ, ಮರಾಠಿಯಾಗೇ ಹೇಳ್ತೀನಿ, ಜೋರಾಗಿ ಹೇಳ್ತೀನಿ. ಖೋಲಿ, ನಾಲ್ಕು ಜನ ಹುಡುಗರು ಕಾಲು ಮಡಚಿ ಮಲಗುವ ಖೋಲಿ, ಎಲ್ಲರೂ ಮಾಮಾನ ಕೈಕೆಳಗಿನವರು, ನಾಳೆಯಿಂದ ಯಾವ ಸೈಟು, ಯಾವ ಮಿಸ್ತ್ರಿ, ಊರಲ್ಲಿ ಅವ್ವ ಬಾಗಿಲಲ್ಲಿ ನಿಂತು, ನನ್ನ ತಮ್ಮನ ಸಂಸಾರ ಮುರಿದೆಯಲ್ಲೋ — ಹೂಂ, ಒಂದೇ ಅಕ್ಷರ, ಎರಡು ಭಾಷೆಯಲ್ಲಿ ಅಷ್ಟೆಲ್ಲ ಬಡಬಡಿಸಿದ ಬಾಯಿ, ದತ್ತು ರಸ್ತೆಯಾಚೆಯ ಮಾಮಾನ ಬೆನ್ನು ನೋಡುತ್ತ ಅದನ್ನು ನುಂಗಿದ, ಅಕ್ಕ ನೋಡುತ್ತಿದ್ದಳು, ಒಳಗೆ ಕತ್ತೆತ್ತಿದಳಲ್ಲ, ಅದೇ ಕಣ್ಣು, ಮಾಮಾ ಬೀಡಿ ಹಚ್ಚಿಕೊಂಡು ಇತ್ತ ತಿರುಗಿದ, ಅಕ್ಕನ ದನಿ ಒಮ್ಮೆಲೇ ಎಂದಿನ ದನಿಯಾಯಿತು, ಉಣ್ಣಾಕ ಬರ್ತಿ ಇಲ್ಲೋ, ಬಿಸಿ ರೊಟ್ಟಿ ಬಡೀತೀನಿ — ದತ್ತು ತಿರುಗಿದ, ನಡೆದ, ಬಸ್ಸು, ಧೂಳು, ಹಿಂದಿನಿಂದ ಮಾಮಾ, ಅಳಿಯಾ, ಏ ಅಳಿಯಾ, ನಡೆದ, ಹಾಳಾಗಲಿ ಎಲ್ಲ, ಹಾಳಾಗಲಿ, ಕಾಲಿಗೊಂದು ಟಪ್, ಹೆಜ್ಜೆಗೊಂದು ಟಪ್, ಒಲೆಯ ಮುಂದೆ ಎಡಗೈ, ಬಡಿದು, ನಿಂತು, ತಿರುಗಿಸಿ, ಬಡಿದು, ನಿಂತು, ಗಾಳಿಯಲ್ಲಿ ಎತ್ತಿದ ಎಡಗೈ, ಹಿಟ್ಟು ಮೆತ್ತಿದ ಐದು ಬೆರಳು, ಎತ್ತಿದ ಎಡಗೈ