ದೂತರು ಒಬ್ಬರೋ ಇಬ್ಬರೋ

ಕೋರ್ಟಿನಲ್ಲಿ ಮೂವತ್ತೆರಡು ವರ್ಷ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದ ಮನುಷ್ಯ ಮನೆಗೆ ಬಂದಮೇಲಾದರೂ ತೆಪ್ಪಗಿರಬೇಕಲ್ಲ, ಇರುತ್ತಿರಲಿಲ್ಲ. ಒಬ್ಬ ಸಾಕ್ಷಿ ಬಾಗಿಲು ತೆರೆದಿತ್ತು ಎಂದು, ಇನ್ನೊಬ್ಬ ಮುಚ್ಚಿತ್ತು ಎಂದರೆ ಇಡೀ ಕೇಸು ಮಕಾಡೆ ಮಲಗುವುದನ್ನು ಟೈಪಿಸ್ಟರು ಕಣ್ಣಾರೆ ಕಂಡಿದ್ದರು. ಅದೇ ಕಣ್ಣಿನಿಂದ ಹೆಂಡತಿಯ ಬೈಬಲ್ಲನ್ನೂ ಓದಿದರು. ಬೀದಿಯವರು ಅವರಿಗೆ ಪಾಟೀಸವಾಲು ಎಂದು ಅಡ್ಡಹೆಸರಿಟ್ಟಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಹೆಂಡತಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಊರಿಗೆಲ್ಲ ಟೀಚರಮ್ಮ. ಭಾನುವಾರ ಚರ್ಚಿನಿಂದ ಬಂದು ಒಣಗಿದ ಬಟ್ಟೆ ಮಡಚಲು ಮಂಚದ ಮೇಲೆ ಕೂತದ್ದೇ ತಡ, ಇವರು ನೋಟ್‌ಬುಕ್ಕು ಹಿಡಿದು ಎದುರಿಗೆ ಹಾಜರು.

"ಶಿಲುಬೆಗೆ ಹಾಕಿದ ಮೂರನೇ ದಿನ ಹೆಂಗಸ್ರು ಸ್ವಾಮಿಯ ಸಮಾಧಿ ಹತ್ರ ಹೋದಾಗ ಅಲ್ಲಿ ಕಂಡ ದೇವದೂತರು ಒಬ್ಬರಾ, ಇಬ್ಬರಾ? ನಾಲ್ಕು ಸುವಾರ್ತೇಲಿ ಎರಡು ಕಡೆ ಒಬ್ಬ ಅಂತಿದೆ, ಎರಡು ಕಡೆ ಇಬ್ಬರು ಅಂತಿದೆ."

ಮುಂದಿನ ವಾರ ಕೋಳಿ ಕೂಗಿದ್ದು ಎಷ್ಟು ಸಲ ಎಂಬ ತಕರಾರು. ಅದರ ಮುಂದಿನ ವಾರ ಇನ್ನೊಂದು. ಟೀಚರಮ್ಮ ಒಂದು ದಿನವೂ ಸಿಡುಕಿದವರಲ್ಲ. ಅಂಗಿಯ ತೋಳನ್ನು ಹಿಂದಕ್ಕೆ ಮಡಚುತ್ತ, ದಡ್ಡ ಹುಡುಗನಿಗೆ ಮಗ್ಗಿ ಹೇಳಿಕೊಡುವ ತಾಳ್ಮೆಯಿಂದ ಉತ್ತರ ಹೇಳುತ್ತಿದ್ದರು. ಅವರ ಬಳಿ ಪ್ರತಿಯೊಂದಕ್ಕೂ ಉತ್ತರವಿತ್ತು. ಇವರು ತಲೆ ಬಗ್ಗಿಸಿ ಗೀಚುತ್ತಿದ್ದರು. "ಬರ್ಕೊಳ್ಳಿ, ಬರ್ಕೊಳ್ಳಿ, ಒಂದು ಮಾತೂ ಬಿಡಬೇಡಿ" ಎಂದು ಆಕೆ ನಗುತ್ತಿದ್ದರು.

ಈಗ ಎರಡು ವರ್ಷದಿಂದ ಟೀಚರಮ್ಮನ ನೆನಪು ಕರಗುತ್ತಿದೆ. ಮೊದಲು ಪಾತ್ರೆಗಳ ಹೆಸರು ಹೋಯಿತು, ಆಮೇಲೆ ಸ್ವಂತ ತಂಗಿಯ ಮುಖ. ಅದನ್ನೆಲ್ಲ ಟೈಪಿಸ್ಟರು ಹೇಗೋ ತಡೆದುಕೊಂಡರು. ತಡೆದುಕೊಳ್ಳಲಾಗದ್ದು ಬೇರೆಯೇ ಇತ್ತು. ಆಕೆಯ ಉತ್ತರಗಳೆಲ್ಲ ಹೋಗಿ, ಇವರ ಪ್ರಶ್ನೆಗಳು ಮಾತ್ರ ಆಕೆಯ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದ್ದವು.

"ರೀ, ದೂತರು ಒಬ್ಬರಾ, ಇಬ್ಬರಾ?"

ಮೊದಲ ಸಲ ಕೇಳಿದಾಗ ಇವರಿಗೆ ನಗು ಬಂತು. ಹತ್ತನೆಯ ಸಲ ಆಕೆ ಮಡಚುತ್ತಿದ್ದ ಟವೆಲ್ಲನ್ನೇ ಮುಖಕ್ಕೆ ಒತ್ತಿಕೊಂಡು ಅತ್ತರು. "ಅದೇ ಸುಳ್ಳಾದ್ರೆ ಸಮಾಧಿ ಕಲ್ಲು ಉರುಳಿ ಸ್ವಾಮಿ ಎದ್ದು ಬಂದದ್ದೂ ಸುಳ್ಳು ತಾನೇ? ಹಾಗಾದ್ರೆ ಸತ್ತಮೇಲೆ ನಾನು ಎಲ್ಲಿಗೆ ಹೋಗ್ತೀನಿ?"

ಅದು ಇವರದೇ ವಾದ, ಇವರದೇ ಮಾತು. ಗೆದ್ದದ್ದು ಯಾರ ಮೇಲೆ ಎಂದು ಟೈಪಿಸ್ಟರಿಗೆ ಈಗ ಕಂಡಿತು.

ಇವರು ಎಲ್ಲೆಲ್ಲಿಂದಲೋ ಪುಸ್ತಕ ತಂದು ಓದಿದರು. ಜನ್ಮದಲ್ಲಿ ಮೊದಲ ಸಲ ಎದುರು ಪಕ್ಷದ ವಕೀಲಿ ಮಾಡಿದರು. "ನೋಡು, ಇದ್ದದ್ದು ಇಬ್ಬರು. ಮಾತಾಡಿದ್ದು ಒಬ್ಬ. ಕೆಲವರು ಮಾತಾಡಿದವನನ್ನ ಮಾತ್ರ ಬರೆದ್ರು. ಅಷ್ಟೇ."

ಟೀಚರಮ್ಮ ತಲೆಯಾಡಿಸಿದರು. "ಅದಲ್ಲ. ನಾನು ಹೇಳ್ತಿದ್ದದ್ದು ಬೇರೆ. ಅದನ್ನ ಹೇಳಿದಾಗೆಲ್ಲ ನನಗೆ ಎದೆ ಹಗುರ ಆಗ್ತಿತ್ತು."

ಏನು ಹೇಳುತ್ತಿದ್ದಳು? ಟೈಪಿಸ್ಟರು ತಲೆ ಕೆರೆದುಕೊಂಡರು. ನಾದಿನಿಯನ್ನು ಕೇಳಿದರು. "ವಾದ ನಡೀತಿದ್ದದ್ದು ನಿಮ್ಮಿಬ್ಬರ ಮಧ್ಯೆ, ಭಾವ. ನನಗೇನು ಗೊತ್ತು?" ಎಂದಳು ಆಕೆ. ಅದೂ ನ್ಯಾಯವೇ.

ಕೊನೆಗೆ ಬೀರುವಿನ ತಳದಿಂದ ನೋಟ್‌ಬುಕ್ಕು ತೆಗೆದರು. ನಲವತ್ತೊಂದು ಪ್ರಶ್ನೆಗಳು, ತಾರೀಖು ಸಮೇತ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ. ಪ್ರತಿಯೊಂದರ ಕೆಳಗೂ ಒಂದೇ ಸಾಲು: ಉತ್ತರ ಸಮಂಜಸವಾಗಿಲ್ಲ. ಉತ್ತರ ಮಾತ್ರ ಎಲ್ಲಿಯೂ ಇರಲಿಲ್ಲ.

ಕೋರ್ಟಿನಲ್ಲಿ ಸಾಕ್ಷಿ ಕೇಸಿಗೆ ಸಂಬಂಧವಿಲ್ಲದ್ದನ್ನು ಹೇಳತೊಡಗಿದರೆ ಜಡ್ಜು "ಅದು ಬೇಡ" ಎನ್ನುತ್ತಿದ್ದರು. ಟೈಪಿಸ್ಟರ ಬೆರಳು ಅಲ್ಲೇ ನಿಲ್ಲುತ್ತಿತ್ತು. ಬೆರಳು ನಿಂತರೆ ಕಿವಿಯೂ ನಿಲ್ಲುವುದು ಅವರಿಗೆ ರೂಢಿಯಾಗಿಹೋಗಿತ್ತು. ಮನೆಯಲ್ಲಿ ಜಡ್ಜು ಇರಲಿಲ್ಲವಲ್ಲ, ಆ ಕುರ್ಚಿಯನ್ನೂ ಇವರೇ ಹತ್ತಿದ್ದರು. ಹೆಂಡತಿ ಬಾಯಿ ತೆರೆದ ಕೂಡಲೇ "ಅದು ಬೇಡ" ಎಂದು ಮನಸ್ಸಿನಲ್ಲೇ ಅಂದುಕೊಂಡು ಮುಂದಿನ ವಾರದ ಪ್ರಶ್ನೆ ಗೀಚುತ್ತಿದ್ದರು. ಎಷ್ಟೋ ಭಾನುವಾರ ಹೀಗೇ ಕಳೆದಿತ್ತು. ಆಕೆಯ ಧ್ವನಿ ನೆನಪಿತ್ತು, ಬಟ್ಟೆಯ ಬಿಸಿಲು ವಾಸನೆ ನೆನಪಿತ್ತು. ಆಡಿದ ಮಾತು ಒಂದೂ ನೆನಪಿರಲಿಲ್ಲ.

ಇನ್ನು ತಮ್ಮ ಕೈಲಾಗದೆಂದು ಚರ್ಚಿನ ಪಾದ್ರಿಗಳನ್ನು ಕರೆಸಿದರು. ಇವರೇ ಅವರನ್ನು ಬಾಗಿಲಲ್ಲಿ ನಿಲ್ಲಿಸಿ ಸವಾಲು ಹಾಕಿ ಕಳಿಸಿದ್ದ ದಿನಗಳಿದ್ದವು. ಪಾಪ, ಆ ಮನುಷ್ಯ ಯಾವುದನ್ನೂ ಮನಸ್ಸಿನಲ್ಲಿಟ್ಟುಕೊಳ್ಳದೆ ಬಂದು ಕೂತು, ಒಂದೇ ಘಟನೆಯನ್ನು ನಾಲ್ವರು ನಾಲ್ಕು ಕಡೆ ನಿಂತು ಕಂಡ ಬಗೆಯನ್ನು ಬಿಡಿಸಿ ಹೇಳಿದರು. ಒಳ್ಳೆಯ ಉತ್ತರವೇ. ಟೈಪಿಸ್ಟರೂ ಕಿವಿಗೊಟ್ಟು, ಒಂದಕ್ಷರ ಬಿಡದೆ ಕೇಳಿದರು.

ಮಾತು ಮುಗಿದ ಮೇಲೆ ಟೀಚರಮ್ಮ, ಬಂದವರ ಮನಸ್ಸು ನೋಯಬಾರದೆಂಬಂತೆ ನಕ್ಕರು.

"ಚೆನ್ನಾಗಿ ಹೇಳಿದ್ರಿ ಪಾದ್ರಿಗಳೇ. ಆದ್ರೆ ನನ್ನದು ಇದಕ್ಕಿಂತ ಚೆನ್ನಾಗಿತ್ತು. ನೆನಪೇ ಆಗ್ತಿಲ್ಲ ನೋಡಿ." ಒಂದು ಕ್ಷಣ ಕಣ್ಣು ತುಂಬಿಕೊಂಡಿತು. ಮರುಕ್ಷಣ ಏನೋ ಹೊಳೆದಂತೆ ಮುಖ ಅರಳಿತು. "ಅಯ್ಯೋ, ನಾನ್ಯಾಕೆ ಒದ್ದಾಡ್ಲಿ? ನಮ್ಮನೆಯವರು ಕೋರ್ಟಲ್ಲಿ ಇದ್ದವರು. ನಾನು ಆಡಿದ ಒಂದೊಂದು ಮಾತನ್ನೂ ಬರ್ಕೊಂಡಿದ್ದಾರೆ. ರೀ, ಆ ನೋಟ್‌ಬುಕ್ಕು ತಗೊಂಡು ಓದಿ ಇವರಿಗೆ."

ಪಾದ್ರಿಗಳು ಇವರ ಕಡೆ ತಿರುಗಿದರು. ಟೈಪಿಸ್ಟರು ಎದ್ದು ನೋಟ್‌ಬುಕ್ಕು ತಂದರು, ಪುಟ ತೆರೆದರು.

"ಹೆಂಗಸರು ಸಮಾಧಿಯ ಬಳಿ ಕಂಡ ದೂತರು ಒಬ್ಬರೋ, ಇಬ್ಬರೋ?"

"ಹಾಂ, ಅದೇ" ಎಂದರು ಟೀಚರಮ್ಮ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ನೆಮ್ಮದಿಯಿಂದ ಗೋಡೆಗೊರಗಿ ಕಣ್ಣು ಮುಚ್ಚಿದರು. "ಮುಂದೆ ಓದಿ."