ಗುಡಾಣದಲ್ಲಿ ಕಿಟಕಿ ಸೀಟು

ಹಡಗು ಕೊಳ್ಳಲು ಬಂದವರು ಅದರ ವೇಗ ನೋಡುತ್ತಾರೆ, ಎಷ್ಟು ಇಂಧನ ಹಿಡಿಯುತ್ತದೆಂದು ನೋಡುತ್ತಾರೆ. ಸಂಘಮಿತ್ರಾ ಮಾತ್ರ ಒಳಗೆ ಹೊಕ್ಕು ಒಂದೊಂದೇ ಸೀಟಿನಲ್ಲಿ ಕುಳಿತು ನೋಡುತ್ತಿದ್ದಳು.

ಹೊಸಪೇಟೆಯ ಚಿತ್ತವಾಡ್ಗಿಯ ಮನೆ, ಶನಿವಾರದ ಮಧ್ಯಾಹ್ನ, ಅಣ್ಣ ಕಿರಣ್ ಕುಮಾರನ ಕಂಪ್ಯೂಟರು. ಪರದೆಯ ಮೇಲೆ ಯಾವುದೋ ನಕ್ಷತ್ರದ ಮಗ್ಗುಲಿನ ಬಂದರು. ಅಲ್ಲಿ ಮಾರಾಟಕ್ಕೆ ನಿಂತ ಬಾಹ್ಯಾಕಾಶ ಹಡಗುಗಳು. ಅಣ್ಣತಂಗಿ ಮೂರು ತಿಂಗಳು ಈ ಆಟದಲ್ಲಿ ಗ್ರಹದಿಂದ ಗ್ರಹಕ್ಕೆ ಅದಿರು ಹೊತ್ತು, ಒಂದು ಪ್ರಯಾಣಿಕರ ಹಡಗಿಗೆ ಆಗುವಷ್ಟು ಗಳಿಸಿದ್ದರು.

"ಭೂಮಿ ಮ್ಯಾಲೂ ಅದಿರು, ಆಕಾಶದಾಗೂ ಅದಿರು. ನಮ್ಮ ಹಣೇಬರಾನೇ ಇಷ್ಟು" ಎನ್ನುತ್ತಿದ್ದ ಕಿರಣ್.

ಹಡಗು ಬೇಕಾಗಿದ್ದದ್ದು ಗಣಿಯೂರು ದೋಣಿಮಲೈನ ಹಳೆಯ ಸ್ಕೂಲ್ ಬಸ್ಸಿನ ಗೆಳೆಯರಿಗೆ. ಇವರಿಬ್ಬರೂ ಸೇರಿ ಗಣಿಯಲ್ಲಿ ದುಡಿಯುವವರ ಮಕ್ಕಳೆಲ್ಲ ಒಂದೇ ಬಸ್ಸಿನಲ್ಲಿ ಘಾಟು ಇಳಿದು ಸಂಡೂರಿನ ಶಾಲೆಗೆ ಹೋಗುತ್ತಿದ್ದರು. ಕೆಂಪು ಧೂಳು ಯೂನಿಫಾರ್ಮಿನ ಬಿಳಿಯನ್ನು ಸೋಮವಾರವೇ ತಿಂದುಹಾಕುತ್ತಿತ್ತು. ಅಪ್ಪಂದಿರು ಒಬ್ಬೊಬ್ಬರಾಗಿ ರಿಟೈರ್ ಆದರು, ಕ್ವಾರ್ಟರ್ಸ್ ಖಾಲಿಯಾದವು, ಮಕ್ಕಳು ಚೆದುರಿದರು. ಕಂಪ್ಲಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಮಾರುತೇಶ್ ಎಲ್ಲರನ್ನೂ ವಾಟ್ಸಾಪಿನಲ್ಲಿ ಒಟ್ಟುಗೂಡಿಸಿದ ಮೇಲೆ, ಮತ್ತೊಮ್ಮೆ ಒಂದೇ ಗಾಡಿಯಲ್ಲಿ ಎಲ್ಲಿಗಾದರೂ ಹೋಗಬೇಕೆಂಬ ಆಸೆ ಹುಟ್ಟಿತು. ಒಬ್ಬರಿಗೆ ರಜೆ ಸಿಕ್ಕರೆ ಇನ್ನೊಬ್ಬರಿಗೆ ಶಿಫ್ಟು. ಕೊನೆಗೆ ಈ ಆಟವೇ ಗತಿ ಎಂದಾಯಿತು: ಭಾನುವಾರ ಸಂಜೆ ನಾಲ್ಕಕ್ಕೆ, ಶನಿಯ ಹಾಗೆ ಸುತ್ತಲೂ ಬಳೆ ತೊಟ್ಟ ಗ್ರಹವೊಂದನ್ನು ನೋಡಲು.

ಏಳು ಜನ ಹೂಂ ಎಂದರು. ದೇವಿಕಾ ಮಾತ್ರ ಬರೆದಳು: "ನನ್ನ ಹತ್ರ ಕಂಪ್ಯೂಟರಿಲ್ಲ. ನೀವು ಹೋಗಿಬರ್ರಿ."

ಆ ಸಾಲನ್ನು ಸಂಘಮಿತ್ರಾ ಎಷ್ಟು ಸಲ ಓದಿದಳೋ. ಬಸ್ಸು ಮೊದಲು ನಿಲ್ಲುತ್ತಿದ್ದದ್ದು ಸಂಘಮಿತ್ರಾಳ ಮನೆಯ ಹತ್ತಿರ, ಕೊನೆಗೆ ದೇವಿಕಾಳ ಮನೆಯ ಹತ್ತಿರ. ತಿರುವುಗಳಲ್ಲಿ ದೇವಿಕಾಳಿಗೆ ಹೊಟ್ಟೆ ತೊಳೆಸುತ್ತಿತ್ತು, ಗಾಳಿ ಬೇಕಿತ್ತು. ಅದಕ್ಕೆ ದಿನಾ ಕಿಟಕಿ ಸೀಟಿನ ಮೇಲೆ ಕರ್ಚೀಫು ಹಾಕಿಡುವುದು ಸಂಘಮಿತ್ರಾಳ ಕೆಲಸ. ಹತ್ತನೇ ಕ್ಲಾಸಿನಲ್ಲಿ ಹೊಸದಾಗಿ ಬಂದ ಸುಮಲತಾ ಎಂಬ ಆಫೀಸರ್ ಮಗಳು, "ಇಲ್ಲಿ ಕೂರಲಾ?" ಎಂದು ನಕ್ಕಾಗ, ಆ ನಗುವಿಗೆ ಸೋತು ಸಂಘಮಿತ್ರಾ ಕರ್ಚೀಫು ತೆಗೆದುಬಿಟ್ಟಿದ್ದಳು. ದೇವಿಕಾ ಹತ್ತಿದಳು, ನೋಡಿದಳು, ನಿಂತೇ ಬಂದಳು. ಜಗಳವಾಡಲಿಲ್ಲ. ಮರುದಿನದಿಂದ ಹಿಂದಿನ ಬಾಗಿಲಲ್ಲಿ ಹತ್ತತೊಡಗಿದಳು. ಅದಾಗಿ ಹನ್ನೊಂದು ವರ್ಷ.

"ಇದ ನೋಡು, ಬಾಣ ಇದ್ದಂಗ ಐತಿ" ಎಂದ ಕಿರಣ್. ಚೂಪು ಮೂತಿಯ ಹಡಗು. ಎಂಟು ಸೀಟು, ಕಣ್ಣು ಮಿಟುಕಿಸುವುದರೊಳಗೆ ನಕ್ಷತ್ರ ದಾಟುತ್ತದೆ. ಸಂಘಮಿತ್ರಾ ಕುಳಿತು ನೋಡಿದಳು. ಎದುರಿಗೆ ಬರೀ ಗೋಡೆ.

"ಕಿಟಕಿನೇ ಇಲ್ಲಲ್ಲಣ್ಣ."

ಪಕ್ಕದಲ್ಲಿ ಇನ್ನೊಂದಿತ್ತು. ಹೊಟ್ಟೆ ಉಬ್ಬಿಸಿಕೊಂಡು, ಕಾಳು ತುಂಬಿಡುವ ಗುಡಾಣದ ಹಾಗೆ ಕೂತದ್ದು. ಹನ್ನೆರಡು ಸೀಟು, ಪ್ರತಿ ಸೀಟಿಗೂ ತಟ್ಟೆಯಗಲದ ದುಂಡು ಕಿಟಕಿ.

"ಇದು."

"ಲೇ, ಇದು ಹೋಗಾದ್ರಾಗ ನಮ್ಮ ಗಡ್ಡ ಬೆಳ್ಳಗಾಗ್ತಾವು! ಕಿಟಕಿ ಯಾಕ ನಿನಗ? ಆಕಾಶದಾಗ ಕಿಟಕಿ ತಗದ್ರ ನಾವೆಲ್ಲಾ ಹೊರಗ ಹಾರ್ತೀವಿ."

"ನನಗಲ್ಲ. ದೇವಿಕಾಗ."

ಹೇಳಿದ ಮೇಲೆ, ಬರುವುದಿಲ್ಲ ಎಂದವಳಿಗೆ ಕಿಟಕಿಯೇ ಎಂದು ತನಗೇ ನಗು ಬಂತು. ಆದರೆ ಅಜ್ಜಿ ಎರ್ರೆಮ್ಮನ ಕತೆಯ ಹಾರುವ ಮಂಚವೂ ಹಾಗೆಯೇ ಇತ್ತು. ತಲೆಗಡೆ ರಾಜನ ಮಗಳು, ಕಾಲಗಡೆ ಬಡಗಿ, ನಡುವೆ ಕತೆ ಕೇಳುವ ಮಕ್ಕಳು, ಹೀಗೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂರಿಸುವ ತನಕ ಅಜ್ಜಿ ಮಂಚವನ್ನು ಏಳಲು ಬಿಡುತ್ತಿರಲಿಲ್ಲ.

ಕಿರಣ್ ತಲೆ ಕೆರೆದುಕೊಂಡ. "ಆಕಿ ಬರ್ತಾಳೇನು ಮೊದ್ಲು ಕೇಳು. ಬಂದ್ರ ಗುಡಾಣ. ಬರಲಿಲ್ಲಂದ್ರ ಬಾಣ. ಆಮ್ಯಾಲೆ ಅಳಬ್ಯಾಡ."

ಸಂಘಮಿತ್ರಾ ಹಿತ್ತಲಿಗೆ ಹೋಗಿ ಫೋನ್ ಹಚ್ಚಿದಳು.

"ಯಾರ್ರಿ?"

"ನಾನು, ಮಿತ್ರಾ."

ಆ ಕಡೆ, ದೇವಿಕಾಳ ಗಂಡನ ಊರಿನಲ್ಲಿ, ಪಂಪ್‌ಸೆಟ್ಟು ಓಡುತ್ತಿತ್ತು. "ಏನವ್ವ, ಆಕಾಶದವರು ಎಮ್ಮಿಗನೂರಿಗೆ ಫೋನ್ ಹಚ್ಚೀರಿ?"

"ನೀನೂ ಬಾ ನಾಳೆ."

"ಎದರಾಗ ಬರ್ಲಿ? ನನ್ನ ಫೋನಿನ್ಯಾಗ ವಿಡಿಯೋನೇ ಕುಂಟಿಕೋತ ಬರ್ತತಿ."

"ಸುಮ್ನ ಫೋನ್ ಹಚ್ಚು, ಕಿವಿಲೆ ಬಾ. ಹೊರಗ ಏನೇನ್ ಕಾಣ್ತತಿ ನಾ ಹೇಳ್ತೀನಿ. ಕಿಟಕಿ ಸೀಟು ನಿಂದು."

"ಕಿಟಕಿ ಸೀಟು!" ದೇವಿಕಾ ನಕ್ಕಳು, ಅರ್ಧ ನಗು. "ಅವತ್ತು ಮೂರನೇ ತಿರುವಿಗೇ ಆಗಿಹೋತು ನಂದು. ಟಿಫನ್ ಚೀಲದಾಗ ಕಾರಿಕೊಂಡೆ. ಯಾರಿಗೂ ಹೇಳಲಿಲ್ಲ."

ಇದು ಸಂಘಮಿತ್ರಾಳಿಗೆ ಗೊತ್ತಿರಲಿಲ್ಲ. "ತಪ್ಪಾತು ದೇವಿ."

"ಅಷ್ಟು ಅನ್ನಾಕ ಇಷ್ಟು ವರ್ಷ ಬೇಕಾತೇನ? ನೋಡ್ತೀನಿ ತಗಾ. ನಾಟಿ ನಡದತಿ, ಆಳಿಗೆ ಚಾ ಕಾಸ್ಬೇಕು."

ಫೋನ್ ಕಟ್ಟಾಯಿತು. ಸಂಘಮಿತ್ರಾ ಒಳಗೆ ಬಂದು, "ಬರ್ತಾಳಂತ" ಎಂದು ಸುಳ್ಳು ಹೇಳಿ, ಗುಡಾಣವನ್ನು ಕೊಂಡಳು. ಒಮ್ಮೆ ಕೊಂಡದ್ದನ್ನು ಮರಳಿಸುವ ಹಾಗಿಲ್ಲ.

ಭಾನುವಾರ ನಾಲ್ಕಕ್ಕೆ ಎಲ್ಲರೂ ಹತ್ತಿದರು. ಮಾರುತೇಶನ ಮೈಕಿನಲ್ಲಿ, "ಅಣ್ಣಾ, ಆಧಾರ್ ಎರಡು ಜೆರಾಕ್ಸ್" ಎಂಬ ಗಿರಾಕಿಯ ದನಿಯೂ ಹತ್ತಿತು. ಬಂದರು ಬಿಡಲು ಹತ್ತು ನಿಮಿಷದ ಗಡುವು. ಸಂಘಮಿತ್ರಾ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಒಂಬತ್ತು ನಿಮಿಷ ಕಳೆದವು.

"ಎಲ್ಲಿ ನಿನ್ನ ಗೆಳತಿ?" ಎಂದ ಕಿರಣ್. ಅವಳು ಫೋನಿನ ಪರದೆ ಒತ್ತಿ ನೋಡಿದಳು. ಅವನು ತಂಗಿಯ ಮುಖ ನೋಡಿ, ಹಡಗು ಎತ್ತಿದ.

ಬಂದರಿನ ದೀಪಗಳು ಕೆಳಗಾದಾಗ ಫೋನು ನಡುಗಿತು.

"ಬಿಟ್ಟೇಬಿಟ್ರೇನ್ರಲೇ?" ಎಂದಳು ದೇವಿಕಾ, ಏದುಸಿರು ಬಿಡುತ್ತ. "ಮಾಳಿಗಿ ಮ್ಯಾಲ ಬಂದ್ರಷ್ಟ ಸಿಗ್ನಲ್ಲು. ಹೇಳು, ಏನ್ ಕಾಣ್ತತಿ?"

ಸಂಘಮಿತ್ರಾ ಫೋನನ್ನು ಮೈಕಿಗೆ ಹಿಡಿದಳು. ಹೇಳತೊಡಗಿದಳು: ಕತ್ತಲು ಹೇಗೆ ಕರೀ ಕಂಬಳಿಯ ಹಾಗೆ ಜಗ್ಗಿದೆ, ನಕ್ಷತ್ರಗಳು ಹೇಗೆ ಹಿಟ್ಟು ಜರಡಿ ಹಿಡಿದಂತೆ ಉದುರುತ್ತಿವೆ, ಒಂದು ಕೆಂಪು ಗ್ರಹ ಥೇಟ್ ನಮ್ಮ ಗಣಿಗುಡ್ಡದ ಹಾಗೆ. ಹಡಗು ನಿಧಾನ, ಹೇಳುವುದಕ್ಕೆ ಬೇಕಾದಷ್ಟು ಹೊತ್ತಿತ್ತು. ಮಾರುತೇಶನೂ ಅಂಗಡಿಗೆ ಬಂದವರನ್ನು ಕೂರಿಸಿ ಕೇಳುತ್ತಿದ್ದ.

"ಬಳಿ ತೊಟ್ಟ ಗ್ರಹ ಬಂತೇನ?"

"ಬಂತು. ಅಂಚಿನ್ಯಾಗ ಒಂದೊಂದ ಕಲ್ಲು ಹೊಳೀಲಿಕ್ಕತ್ತಾವು. ನಿನ್ನ ಕಡೀಗೇ ಐತಿ, ಎಡಕ್ಕ."

ದೇವಿಕಾ ಉಸಿರು ಹಿಡಿದದ್ದು ಕೇಳಿಸಿತು. ಅವಳ ಹಿಂದಿನಿಂದ, ದೂರದಲ್ಲಿ, ವಯಸ್ಸಾದ ದನಿಯೊಂದು ಕೂಗಿತು: "ದೇವಿಕಾ, ಎಮ್ಮಿ ಒದರಾಕತ್ತತಿ, ಇಳದ್ ಬಾರವ್ವ!"

"ತಡೀರಿ ಅತ್ತಿ" ಎಂದು ಅವಳೂ ಕೂಗಿದಳು. "ನಾವಿನ್ನೂ ಮುಟ್ಟಿಲ್ಲ."