ಎಟುಕುವಷ್ಟು ಎತ್ತರ

"ಇನ್ನೂ ಇಳಿಸಿ ಮೇಸ್ತ್ರಿ," ಎಂದಳು ಎಡಿಲ್ಮಾ. ಕೆಂಪು ಬೈಕಿನ ಮೇಲೆ ಕೂತಿದ್ದ ಅವಳ ಬೂಟುಗಳ ತುದಿ ಮಾತ್ರ ಗ್ಯಾರೇಜಿನ ನೆಲ ಮುಟ್ಟುತ್ತಿತ್ತು, ಹಿಮ್ಮಡಿ ಗಾಳಿಯಲ್ಲಿತ್ತು.

ಅರ್ನುಲ್ಫೊ ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟ. "ಎರಡು ಬೆರಳು ಇಳಿಸಿದೀನಿ ಮಗಳೇ, ಸಾಕು. ನಿಂತಾಗ ಒಂದು ಕಾಲು ಊರಿದ್ರೆ ಆಯ್ತು. ಎರಡೂ ಕಾಲು ಊರಿ ಕೂರೋಕೆ ಇದೇನು ಅಡುಗೆಮನೆ ಸ್ಟೂಲಾ?"

"ಭಾನುವಾರ ನಂಗೆ ಎರಡೂ ಕಾಲು ಬೇಕು."

ಭಾನುವಾರ, ವಾಹನ ಓಡಿಸುವವರನ್ನು ಕಾಯುವ ಕಾರ್ಮೆನ್ ಮಾತೆಯ ಮೆರವಣಿಗೆ. ಗುಡ್ಡದೂರು ಮನಿಸಾಲೆಸ್ಸಿನ ಬಸ್ಸು, ಲಾರಿ, ಟ್ಯಾಕ್ಸಿ, ಬೈಕುಗಳೆಲ್ಲ ಬಲೂನು ಕಟ್ಟಿಕೊಂಡು, ಹಾರನ್ ಬಾರಿಸುತ್ತ ಚರ್ಚಿನ ಏರು ಹತ್ತುತ್ತವೆ. ತುದಿಯಲ್ಲಿ ನಿಂತ ಪಾದ್ರಿ ನೀರು ಚಿಮುಕಿಸುತ್ತಾರೆ. ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕು, ಅದೂ ಗೋಡೆಯಂಥ ಏರಿನಲ್ಲಿ. ಅವಳ ಗಂಡ ಗಿಲ್ಡಾರ್ಡೊ, ಆರಡಿ ಆಳು, ಮೊದಲೇ ಹೇಳಿಬಿಟ್ಟಿದ್ದ: "ಒಂದೇ ಒಂದ್ಸಲ ಬೀಳ್ಸಿದ್ರೂ ಆಮೇಲೆ ಓಡ್ಸೋದು ನಾನು. ನೀನು ಹಿಂದೆ ಕೂರ್ತೀಯ."

ಎಡಿಲ್ಮಾ ಒಂಬತ್ತು ವರ್ಷ ಪುಟ್ಟ ಸ್ಕೂಟರಿನಲ್ಲಿ ಲ್ಯಾಬಿಗೆ ರಕ್ತದ ಸ್ಯಾಂಪಲ್ಲು ಸಾಗಿಸಿದವಳು. ಶೋರೂಮಿನವನು ಅವಳ ಎತ್ತರ ನೋಡಿದ್ದೇ, ಮಂಚದಂತೆ ತಗ್ಗಾದ ಬೈಕೊಂದನ್ನು ತೋರಿಸಿದ್ದ. ಅವಳಿಗೆ ಬೇಕಾಗಿದ್ದು ಟ್ಯಾಂಕಿನ ಮೇಲೆ ಬಗ್ಗಿ ಓಡಿಸುವಂಥದ್ದು, ತಿರುವಿನಲ್ಲಿ ವಾಲುವಂಥದ್ದು. ಮೂರು ಬೈಕು ಹತ್ತಿ ಇಳಿದು, ಸೀಟು ಕಿರಿದಾಗಿದ್ದ ಈ ನಾನೂರು ಸಿಸಿಯದನ್ನು ಆರಿಸಿದ್ದಳು. ಹಿಂದೆ ಕೂತು ಗಂಡನ ಬೆನ್ನನ್ನೇ ನೋಡುತ್ತ ಹೋಗುವುದು ಅವಳಿಗೆ ಸಾಕಾಗಿಹೋಗಿತ್ತು.

ಮೇಸ್ತ್ರಿ ಗೊಣಗುತ್ತಲೇ ಹಿಂದಿನ ಶಾಕ್ ಅಬ್ಸಾರ್ಬರಿನ ಪಟ್ಟಿ ಬದಲಿಸಿದ, ಮುಂದಿನ ಫೋರ್ಕಿನ ಕೊಳವೆಗಳನ್ನೂ ಅಷ್ಟೇ ಸರಿಸಿ ಬಿಗಿದ, ಸೀಟಿನ ಸ್ಪಂಜು ಕೆತ್ತಿದ. ಹಿಮ್ಮಡಿ ನೆಲಕ್ಕೆ ಕೂತಿತು.

"ಈಗ ಸೈಡ್ ಸ್ಟ್ಯಾಂಡ್ ಉದ್ದ ಆಯ್ತು. ಕತ್ತರಿಸಿ ವೆಲ್ಡ್ ಮಾಡ್ಬೇಕು. ಸಂಜೆವರೆಗೂ ಬಿಟ್ಟು ಹೋಗು."

"ನಾಳೆ ತರ್ತೀನಿ," ಎಂದವಳು ಹೊರಟೇಬಿಟ್ಟಳು. ಅವಸರದವರಿಗೆ ಬುದ್ಧಿ ಹೇಳಿದವರುಂಟೇ!

ಊರವರು 'ಮಲಗಿದ ಪೊಲೀಸ್' ಎನ್ನುವ ರಸ್ತೆಯುಬ್ಬಿನ ಮೇಲೆ ಬೈಕಿನ ಹೊಟ್ಟೆ ಕರ್ರೆಂದು ಉಜ್ಜಿತು. ತಿರುವಿನಲ್ಲಿ ವಾಲಿಸಿದರೆ ಅಡಿಯಲ್ಲಿ ಏನೋ ಕೆರೆಯುತ್ತಿತ್ತು. ವಾಲಲೆಂದೇ ಕೊಂಡ ಬೈಕಿನ ಮೇಲೆ ಅವಳು ಹಾಲಿನ ಕ್ಯಾನು ಹೊತ್ತವಳಂತೆ ನೆಟ್ಟಗೆ ಕೂತು ಬಂದಳು. ಆದರೂ ಗಂಡ ಕೆಲಸ ಮಾಡುವ ಬೇಕರಿಯ ಮುಂದೆ ನಿಲ್ಲಿಸುವಾಗ ಎರಡೂ ಕಾಲು ಊರಿ, ಅವನತ್ತ ನೋಡಿ ನಕ್ಕಳು. ಸ್ಟ್ಯಾಂಡ್ ಹಾಕಿ ಇಳಿದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಉದ್ದದ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿದ್ದ ಬೈಕು ಇಳಿಜಾರಿನ ಕಡೆಗೆ ಧೊಪ್ಪೆಂದು ಮಗುಚಿತು.

ಕಾಫಿ ಕುಡಿಯುತ್ತಿದ್ದವರೆಲ್ಲ ಎದ್ದು ನಿಂತರು. ಎಡಿಲ್ಮಾ ಎರಡು ಸಲ ಎತ್ತಲು ನೋಡಿದಳು, ಆಗಲಿಲ್ಲ. ಹಿಟ್ಟಿನ ಕೈಯಲ್ಲೇ ಬಂದ ಗಿಲ್ಡಾರ್ಡೊ ಒಂದೇ ಎಳೆತಕ್ಕೆ ಎತ್ತಿ ನಿಲ್ಲಿಸಿದ.

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ನೀನು ನೆಲಾನೇ ಹತ್ರ ಮಾಡಿಸ್ಕೊಂಡು ಬಂದ್ರೂ ಬಿತ್ತಲ್ಲೇ! ಆಯ್ತು, ಭಾನುವಾರ ನಾನೇ ಓಡಿಸ್ತೀನಿ. ನಿಂಗೆ ಪೆಟ್ಟಾಗಿಲ್ಲ ತಾನೆ?"

ಕೊನೆಯ ಮಾತನ್ನು ಅವನು ನಿಜವಾದ ಅಕ್ಕರೆಯಿಂದಲೇ ಕೇಳಿದ್ದ. ಅವಳಿಗೆ ಹೆಚ್ಚು ಉರಿದದ್ದು ಅದಕ್ಕೇ.

ಮರುದಿನ ಗ್ಯಾರೇಜಿನಲ್ಲಿ, "ಮೊದಲಿನ ಎರಡು ಬೆರಳಿಗೇ ಏರಿಸಿ," ಎಂದಳು. ಮೇಸ್ತ್ರಿ "ಹೇಳಿರಲಿಲ್ವಾ" ಎನ್ನಲಿಲ್ಲ. ಎನ್ನದೇ ಇರಲು ಪಾಪ ಅವನಿಗೆ ಬಹಳ ಕಷ್ಟವಾಯಿತು. ಅಳತೆಗೆ ಸರಿಯಾಗಿ ಸ್ಟ್ಯಾಂಡ್ ಕತ್ತರಿಸಿ ಬೆಸೆದು, ಮುರಿದ ಬ್ರೇಕ್ ಲಿವರ್ ಬದಲಿಸಿ, ಅವಳನ್ನು ಗ್ಯಾರೇಜಿನ ಹಿಂದಿನ ಏರಿಗೆ ಕರೆದೊಯ್ದ.

"ಸೊಂಟ ಎಡಕ್ಕೆ ಜಾರ್ಸು. ಎಡಗಾಲು ನೆಲಕ್ಕೆ, ಬಲಗಾಲು ಬ್ರೇಕ್ ಮೇಲೆ. ಹೆದರ್ಕೊಂಡು ಬಲಗಾಲು ಇಳಿಸಿದ್ಯೋ, ಹೋಯ್ತು. ನಾನೇನು ನಿನಗಿಂತ ಎತ್ತರಾನಾ? ಇಷ್ಟೇ ಕಾಲಲ್ಲಿ ಹನ್ನೊಂದು ವರ್ಷ ರೇಸ್ ಓಡಿಸ್ಲಿಲ್ವಾ?"

ಮೂರು ಸಂಜೆ ಅದೇ ಪಾಠ. ಮೊದಲ ಸಂಜೆ ನಾಲ್ಕು ಸಲ ಮೇಸ್ತ್ರಿಯೇ ಹಿಡಿದುಕೊಂಡ. ಮೂರನೆಯ ಸಂಜೆ ಅವನು ಗೋಡೆಗೊರಗಿ ಸಿಗರೇಟು ಸೇದಿದ.

ಭಾನುವಾರ ಗಿಲ್ಡಾರ್ಡೊ ಹೊಸ ಅಂಗಿ ತೊಟ್ಟು ಬಂದು ಕೀಗೆ ಕೈ ಚಾಚಿದ. ಎಡಿಲ್ಮಾ ಆಗಲೇ ಮುಂದೆ ಕೂತಿದ್ದಳು.

"ಬೀಳ್ಸಿದ್ರೆ ಅಂತ ಮಾತಾಗಿತ್ತು," ಎಂದ.

"ಅದಾಗೇ ಬಿತ್ತು. ನಾನು ಮೇಲಿರ್ಲಿಲ್ಲ. ಹಿಂದೆ ಕೂರು."

"ಏರಲ್ಲಿ ಬಿದ್ರೆ?"

"ಇಬ್ಬರೂ ಬೀಳ್ತೀವಿ."

ನಗುತ್ತ ಹತ್ತಿದ. ಹತ್ತಿದ ಮೇಲೆ ನಗು ನಿಂತಿತು.

ಏರಿನ ನಡುವೆ ಮುಂದಿನ ಬಸ್ಸು ಗಕ್ಕನೆ ನಿಂತಿತು. ಎಡಿಲ್ಮಾ ಸೊಂಟ ಜಾರಿಸಿದಳು, ಎಡಗಾಲು ಊರಿದಳು, ಬಲಗಾಲು ಬ್ರೇಕಿನ ಮೇಲೇ ಉಳಿಯಿತು. ಬೈಕು ಕಂಬದಂತೆ ಅಲ್ಲಾಡದೆ ನಿಂತಿತು. ಅಷ್ಟೊಂದು ಗಟ್ಟಿಯಾಗಿ ಅದು ಗ್ಯಾರೇಜಿನ ಏರಿನಲ್ಲಿ ಎಂದೂ ನಿಂತಿರಲಿಲ್ಲ. ಅನುಮಾನ ಬಂದು ಕೆಳಗೆ ನೋಡಿದಳು. ಚಕ್ರದ ಎಡಕ್ಕೊಂದು ಬಲಕ್ಕೊಂದು, ಗಂಡನ ದೊಡ್ಡ ಬೂಟುಗಳು ನೆಲ ಕಚ್ಚಿಕೊಂಡಿದ್ದವು.

"ಗಿಲ್ಡಾರ್ಡೊ, ಕಾಲು ಎತ್ತು."

"ಏರು ಕಣೇ ಇದು."

"ಎತ್ತು ಅಂದೆ."

ಹಿಂದಿನವರು ಹಾರನ್ ಬಾರಿಸುತ್ತಲೇ ಇದ್ದರು. ಬಲಗಡೆಯ ಬೂಟು ಮೇಲೆದ್ದಿತು. ತುಸು ಹೊತ್ತು ಬಿಟ್ಟು ಎಡಗಡೆಯದೂ ಎದ್ದಿತು. ಬೈಕಿನ ಭಾರ, ಗಂಡನ ಭಾರ ಎರಡೂ ಅವಳ ಎಡಗಾಲಿಗೆ ಇಳಿದವು. ತೊಡೆ ನಡುಗಿತು, ಕಾಲು ಕದಲಲಿಲ್ಲ. ಬೆನ್ನ ಹಿಂದಿನಿಂದ ಅವನು ಅವಳ ಸೊಂಟ ಹಿಡಿದುಕೊಂಡ. ಬಸ್ಸಿನ ಹಿಂಬದಿಗೆ ಕಟ್ಟಿದ್ದ ಬಲೂನುಗಳು ಗಾಳಿಗೆ ಒಂದನ್ನೊಂದು ತಳ್ಳುತ್ತಿದ್ದವು. ಬಸ್ಸು ಇನ್ನೂ ಹೊರಟಿರಲಿಲ್ಲ.